ಭಾವನ ಹೆಬ್ಬೆರಳಷ್ಟು ಎಂಜಿನ್

ನನ್ನ ಭಾವನಿಗೆ ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ ಹಾಕಿಕೊಂಡು ಇಪ್ಪತ್ತನಾಲ್ಕು ವರ್ಷ ಕಳೆದಿದ್ದೇನೆ. ಈಗ ಅವನು ಎದುರಿಗಿಲ್ಲ, ಹಾಗಾಗಿ ಏಕವಚನ.

ಅವನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತಾನೆ. ಚಪ್ಪಲಿ ಅಂಗಡಿಯ ಮೇಲೆ ಎರಡು ಕೋಣೆ, ಗೋಡೆಗೆಲ್ಲ ಕಪಾಟು, ಕಪಾಟಿನ ತುಂಬ ಯಾರು ಯಾರದೋ ಬಾಯಿಗಳ ಪ್ಲಾಸ್ಟರ್. ಊರಿನ ಅರ್ಧ ಜನ ತನ್ನ ಹಲ್ಲಿನಲ್ಲಿ ನಗುತ್ತಾರೆ ಎಂದು ಹೇಳಿಕೊಳ್ಳುತ್ತಾನೆ. ತಾನು ನಗುವುದು ಮಾತ್ರ ವರ್ಷಕ್ಕೆ ಒಂದೋ ಎರಡೋ ಸಲ.

ಅವನಿಗೆ ಯಾರನ್ನು ಕಂಡರೂ ಅಸಡ್ಡೆ. ದಂತವೈದ್ಯರಿಗೆ ಅಚ್ಚು ತೆಗೆಯಲು ಬರುವುದಿಲ್ಲ. ರೋಗಿಗಳಿಗೆ ಬಾಯಿ ತೆರೆಯಲು ಬರುವುದಿಲ್ಲ. ಊರಿನಲ್ಲಿ ಯಾರಿಗೂ ಗಾಡಿ ಓಡಿಸಲು ಬರುವುದಿಲ್ಲ. ಈ ಕೊನೆಯ ಕಾರಣ ಕೊಟ್ಟು ಎರಡು ವರ್ಷದ ಹಿಂದೆ ಸ್ಟಿಯರಿಂಗು ಮುಟ್ಟುವುದನ್ನೇ ಬಿಟ್ಟ. "ಮೂರ್ಖರ ಮಧ್ಯೆ ನಾನೊಬ್ಬ ಸರಿಯಾಗಿ ಓಡಿಸಿ ಏನು ಪ್ರಯೋಜನ" ಎಂದ. ಅಂದಿನಿಂದ ಅಕ್ಕನೇ ಅವನ ಡ್ರೈವರು. ರಸ್ತೆಯಲ್ಲಿ ಎದುರು ಸಿಕ್ಕರೆ ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ, ಬಿಮ್ಮನೆ ದಾಟಿ ಹೋಗುತ್ತಾನೆ. ಮನೆಯಲ್ಲಿ ಮಾತಾಡಿದರೂ ಮುಖ ಕೊಡುವುದಿಲ್ಲ. ಕೋಳಿಯ ಹಾಗೆ ತಲೆ ಓರೆ ಮಾಡಿ, ನಿಮ್ಮ ಭುಜದ ಆಚೆ ಯಾರೋ ಇನ್ನೂ ಯೋಗ್ಯರು ನಿಂತಿರುವಂತೆ ಅಲ್ಲಿಗೆ ನೋಡುತ್ತ ಉತ್ತರ ಕೊಡುತ್ತಾನೆ. ಇದು ಹೋದ ಮೂರು ನಾಲ್ಕು ವರ್ಷದಲ್ಲಿ ಜಾಸ್ತಿಯಾಗಿತ್ತು. ವಯಸ್ಸಾದಂತೆ ಸೊಕ್ಕು ಇಳಿಯಬೇಕು, ಇವನದು ಏರುತ್ತಿದೆ ಎಂದುಕೊಂಡಿದ್ದೆ.

ಇಂಥ ಮನುಷ್ಯ ಭಾನುವಾರ ಬಂದರೆ ಆಟದ ವಿಮಾನ ಹಾರಿಸಲು ಹೋಗುತ್ತಾನೆ.

ಆಟದ್ದು ಅಂದರೆ ಕೋಪ. ಮಾಡೆಲ್ ಅನ್ನಬೇಕಂತೆ. ಹಗುರ ಮರದ ಪಟ್ಟಿ ಅಂಟಿಸಿ ಕಟ್ಟಿದ, ಒಂದು ಗಜ ರೆಕ್ಕೆಯ ವಿಮಾನ. ಮೂತಿಯಲ್ಲಿ ಹೆಬ್ಬೆರಳಷ್ಟು ಎಂಜಿನ್. ಅದಕ್ಕೆ ಹರಳೆಣ್ಣೆ ಬೆರೆಸಿದ ಸ್ಪಿರಿಟ್ಟು ಕುಡಿಸಬೇಕು. ಹಾರಿಸಿ ಬಂದ ದಿನ ಅವನ ಮೈ, ಕಾರಿನ ಸೀಟು, ಅಕ್ಕನ ಸೋಫಾ ಎಲ್ಲ ಸುಟ್ಟ ಎಣ್ಣೆ ನಾರುತ್ತವೆ. ರೆಕ್ಕೆಗೆ ಹೊದಿಸುವ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ ಬಿಗಿಯಬೇಕು. ಬಟ್ಟೆ ಆಲ್ಟರ್ ಮಾಡುವ ಅಂಗಡಿ ನನ್ನದು. ಒಂದು ಸಲ ನನ್ನ ಇಸ್ತ್ರಿಪೆಟ್ಟಿಗೆಯನ್ನು ಹೇಳದೆ ಕೇಳದೆ ಒಯ್ದು ತಂದಿಟ್ಟ. ಮರುದಿನ ಗಿರಾಕಿಯ ಬಿಳಿ ಪ್ಯಾಂಟಿನ ಮೇಲೆ ಕೆಂಪು ಬರೆ. ಕೇಳಿದರೆ, "ಇಸ್ತ್ರಿ ಮಾಡೋ ಮುಂಚೆ ತಳ ಒರೆಸ್ಕೊಳ್ಳೋ ಅಭ್ಯಾಸ ಇಲ್ವಾ ನಿಂಗೆ" ಎಂದ.

ಈ ವರ್ಷ ಚಳಿಗಾಲ ಹತ್ತಿರ ಬರುತ್ತಿದ್ದ ಹಾಗೆ ಅಕ್ಕ ಅಂಚೆ ಕಚೇರಿಯ ಮೆಟ್ಟಿಲಿನಿಂದ ಬಿದ್ದು ಪಾದದ ಕೀಲು ಮುರಿದುಕೊಂಡಳು. ಸೋಫಾದ ಮೇಲೆ ಕಾಲು ಚಾಚಿ ಕೂತವಳು ನನ್ನನ್ನು ಕರೆಸಿ, "ಒಂದ್ ನಾಲ್ಕು ಭಾನುವಾರ ಅವರನ್ನ ಮೈದಾನಕ್ಕೆ ಬಿಟ್ಟು ಕರ್ಕೊಂಡ್ ಬಾರೆ" ಎಂದಳು.

"ನಾಲ್ಕು ವಾರ ಹಾರಿಸ್ದೆ ಇದ್ರೆ ಆಕಾಶ ಕಳಚಿ ಬೀಳುತ್ತಾ?"

"ಬೀಳಲ್ಲ. ಆದರೆ ಮನೇಲಿದ್ರೆ ನಾನು ಬೀಳ್ತೀನಿ, ಇನ್ನೊಂದ್ ಕಾಲೂ ಹೋಗುತ್ತೆ. ಕರ್ಕೊಂಡ್ ಹೋಗು."

ಮೈದಾನ ಊರಾಚೆ, ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದೆ. ಒಂದು ಕಡೆ ಉತ್ತಿಟ್ಟ ಹೊಲ, ಇನ್ನೊಂದು ಕಡೆ ಜನ ವಾಯುವಿಹಾರ ಮಾಡುವ ಕಾಲುದಾರಿ. ನಡುವೆ ಕತ್ತರಿಸಿದ ಹುಲ್ಲಿನ ಪಟ್ಟಿ. ಅಲ್ಲಿ ಭಾವನೂ ಸೇರಿ ಐದು ಜನ ಗಂಡಸರು, ಎಲ್ಲರೂ ಐವತ್ತು ದಾಟಿದವರು, ಮಡಚುವ ಕುರ್ಚಿ, ಫ್ಲಾಸ್ಕು, ಕಿವಿ ಮುಚ್ಚುವ ಟೋಪಿ. ಒಬ್ಬೊಬ್ಬರೂ ತಮ್ಮ ತಮ್ಮ ವಿಮಾನದ ವಿಷಯ ಹೇಳುತ್ತಾರೆ, ಒಬ್ಬರೂ ಇನ್ನೊಬ್ಬರದು ಕೇಳುವುದಿಲ್ಲ. ಗುಂಪಿನ ಯಜಮಾನನಿಗೆ ಕರ್ನಲ್ ಎಂದು ಹೆಸರು. ಸೈನ್ಯದಲ್ಲಿ ಇದ್ದವನಲ್ಲ, ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ವಿಭಾಗ ನೋಡಿಕೊಂಡಿದ್ದವನು. ಮೀಸೆಯಿಂದ ಬಡ್ತಿ ಸಿಕ್ಕಿರಬೇಕು.

ಭಾವನನ್ನು ಬಿಟ್ಟು ಉಳಿದವರೆಲ್ಲ ಬ್ಯಾಟರಿ ವಿಮಾನಕ್ಕೆ ತಿರುಗಿ ಬಹಳ ಕಾಲವಾಗಿತ್ತು. ಥರ್ಮೋಕೋಲಿನ ಮೈ, ಸದ್ದಿಲ್ಲ, ಎಣ್ಣೆಯಿಲ್ಲ, ಗುಂಡಿ ಒತ್ತಿದರೆ ತಿರುಗುತ್ತದೆ. ಭಾವನ ಪ್ರಕಾರ ಅದು ಫ್ಯಾನು, ವಿಮಾನ ಅಲ್ಲ. "ಸೊಳ್ಳೆನೂ ಸದ್ದು ಮಾಡ್ದೆ ಹಾರಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ.

ನಾನು ಕರೆದುಕೊಂಡು ಹೋದ ಎರಡನೆಯ ಭಾನುವಾರ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಹತ್ತು ಗಂಟೆಯಾದರೂ ಕರಗಿರಲಿಲ್ಲ. ಆಕಾಶ ತೊಳೆದು ತೊಳೆದು ಬಣ್ಣ ಹೋದ ಲಂಗದ ಹಾಗಿತ್ತು. ಕರ್ನಲ್ ಮೀಸೆ ನೀವಿಕೊಂಡು, "ಇವತ್ತು ನಿಮ್ಮ ಎಂಜಿನ್ ಸ್ಟಾರ್ಟ್ ಆಗಲ್ಲ. ಬಿಟ್ಬಿಡಿ. ಇನ್ನು ವಸಂತಕ್ಕೆ ನೋಡೋಣ" ಎಂದ.

"ನೀವು ಮೀಟರ್ ಓದಿ" ಎಂದ ಭಾವ.

ಇಂಧನದ ಬಾಟಲಿಯನ್ನು ಅವನು ಮನೆಯಿಂದಲೇ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ, ಚಳಿಗೆ ಎಣ್ಣೆ ಗಟ್ಟಿಯಾಗದಿರಲಿ ಎಂದು. ಎಂಜಿನ್ನನ್ನು ಎರಡು ಅಂಗೈಯಲ್ಲಿ ಮುಚ್ಚಿ ಬಾಯಿಂದ ಹಬೆ ಊದಿದ. ಎರಡು ತೊಟ್ಟು ಇಂಧನ ಹಾಕಿದ, ಪ್ಲಗ್ಗಿಗೆ ಬ್ಯಾಟರಿಯ ಕ್ಲಿಪ್ಪು ಸಿಕ್ಕಿಸಿ ಬೆರಳಿನಿಂದ ಪಂಖವನ್ನು ಚಿಮ್ಮಿದ. ಇಲ್ಲ. ಮತ್ತೆ ಚಿಮ್ಮಿದ. ಇಲ್ಲ. ನಲವತ್ತು ಸಲ ಎಣಿಸಿದೆ. ಪಂಖ ಎರಡು ಸಲ ಬೆರಳಿಗೆ ತಿರುಗಿ ಬಡಿದು ಉಗುರಿನ ಬುಡದಲ್ಲಿ ರಕ್ತ ಬಂತು. ನಾಲ್ವರು ಗಂಡಸರು ಕೈಕಟ್ಟಿ ನಿಂತಿದ್ದರು. ಐವತ್ತೈದು ವರ್ಷದ ಒಬ್ಬ ಮನುಷ್ಯ ಮೊಣಕಾಲೂರಿ ಒಂದು ಲೋಹದ ತುಂಡನ್ನು ಬೇಡಿಕೊಳ್ಳುತ್ತಿದ್ದ. ಮದುವೆಯ ದಿನವೇ ಅಕ್ಕನಿಗೆ ಇದನ್ನು ತೋರಿಸಿದ್ದರೆ ನಾವೆಲ್ಲ ಬಚಾವಾಗುತ್ತಿದ್ದೆವು ಎಂದುಕೊಂಡೆ.

ಆಮೇಲೆ ಅದು ಹತ್ತಿಕೊಂಡಿತು. ಹೊಲಿಗೆ ಯಂತ್ರದ ಸೂಜಿ ಹುಚ್ಚು ಹಿಡಿದರೆ ಎಂಥ ಸದ್ದೋ ಅಂಥದು. ಭಾವ ಕಣ್ಣು ಮುಚ್ಚಿ, ಎಂಜಿನ್ನಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕಿವಿಗೊಟ್ಟ. ರಿಮೋಟ್ ಪೆಟ್ಟಿಗೆಯನ್ನು ಕೊರಳಿಗೆ ಹಾಕಿಕೊಂಡು ವಿಮಾನವನ್ನು ಕೈಯಿಂದಲೇ ಎಸೆದ. ಅದು ಏರಿತು.

ಹಿಂದಿನ ವಾರ ನಾನು ಕಾರಿನಲ್ಲೇ ಕೂತಿದ್ದೆ. ಈ ವಾರ ಅಕ್ಕ ಕೊಟ್ಟ ಶಾಲು ಅವನಿಗೆ ಹೊದಿಸಲು ಹೋಗಿ ಪಕ್ಕದಲ್ಲೇ ನಿಂತಿದ್ದೆ. ಹಾಗಾಗಿ ನೋಡಿದೆ. ವಿಮಾನ ಬಲಕ್ಕೆ ಹೊಲದ ಮೇಲಿತ್ತು. ಭಾವನ ಮುಖ ನೇರ ಎದುರಿಗೆ, ಕಾರ್ಖಾನೆಯ ಚಿಮಣಿಯ ಕಡೆ. ವಿಮಾನ ತಲೆಯ ಹಿಂದೆ ಬಂತು, ಮುಖ ಅಲ್ಲೇ. ಅವನು ನೋಡುತ್ತಲೇ ಇರಲಿಲ್ಲ. ಸದ್ದು ಹತ್ತಿರವಾದರೆ ಒಂದು ಬೆರಳು ಆಡಿಸುತ್ತಿದ್ದ, ದೂರವಾದರೆ ಇನ್ನೊಂದು.

ಇದೂ ಒಂದು ಜಂಬ ಅಂದುಕೊಂಡೆ. ನೋಡದೆ ಹಾರಿಸಬಲ್ಲೆ ಎಂದು ಆ ನಾಲ್ವರಿಗೆ ತೋರಿಸುತ್ತಿದ್ದಾನೆ.

ಎರಡು ನಿಮಿಷ ಆಗಿರಬೇಕು. ಸದ್ದು ಕೀರಲಾಯಿತು, ಎರಡು ಸಲ ಕೆಮ್ಮಿತು, ನಿಂತಿತು. ಚಳಿಯ ಗಾಳಿ ದಟ್ಟ, ತಿರುಪನ್ನು ಇನ್ನಷ್ಟು ಬಿಡಬೇಕಿತ್ತು ಎಂದು ಆಮೇಲೆ ಅವನೇ ಹೇಳಿದ. ಆ ಹೊತ್ತಿನಲ್ಲಿ ಹೇಳಿದ್ದು ಬೇರೆ. ತುಟಿ ಅಲ್ಲಾಡಿಸದೆ, ನನಗೆ ಮಾತ್ರ ಕೇಳುವಂತೆ, "ಎಲ್ಲಿದೆ?" ಎಂದ.

"ಏನು ಎಲ್ಲಿದೆ?"

"ವಿಮಾನ. ನಂಗೆ ಕಾಣ್ತಿಲ್ಲ. ಎಲ್ಲಿದೆ ಹೇಳು."

ವಿಮಾನ ಕಾಲುದಾರಿಯ ಮೇಲಿತ್ತು. ಕೆಳಗೆ ಒಬ್ಬ ಹೆಂಗಸು ಕೂಸಿನ ಗಾಡಿ ತಳ್ಳಿಕೊಂಡು ಬರುತ್ತಿದ್ದಳು.

"ದಾರಿ ಮೇಲಿದೆ. ಜನ ಇದಾರೆ. ತಿರುಗಿಸು" ಎಂದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಎದುರಿಗೇ ಏಕವಚನ ಬಂದುಬಿಟ್ಟಿತ್ತು.

"ಮೂತಿ ನಮ್ಮ ಕಡೆನಾ, ಬಾಲ ನಮ್ಮ ಕಡೆನಾ?"

"ಬಾಲ."

"ಹೊಲ ಯಾವ ಕೈ ಕಡೆ?"

"ಬಲಗೈ. ತಿರುಗ್ತಾ ಇದೆ. ಇನ್ನೂ. ಸಾಕು, ನೇರ ಬಿಡು. ಹೊಲದ ಮೇಲೆ ಬಂತು. ಇಳೀತಿದೆ, ಜೋರಾಗಿ ಇಳೀತಿದೆ."

"ಎಷ್ಟೆತ್ತರ?"

"ಆಳೆತ್ತರ. ಮೊಣಕಾಲು."

ಅವನು ರಿಮೋಟಿನ ಕಡ್ಡಿಯನ್ನು ಹಿಂದಕ್ಕೆ ಎಳೆದ. ವಿಮಾನ ಉತ್ತ ಸಾಲಿಗೆ ಹೊಟ್ಟೆ ಉಜ್ಜಿತು. ರೆಕ್ಕೆ ಕಟ್ಟಿದ್ದ ರಬ್ಬರ್ ಬ್ಯಾಂಡುಗಳು ಹರಿದು, ರೆಕ್ಕೆ ಒಂದು ಕಡೆ, ಮೈ ಒಂದು ಕಡೆ ಬಿತ್ತು. ಕೂಸಿನ ಗಾಡಿಯ ಹೆಂಗಸು ತಲೆ ಎತ್ತದೆ ಮುಂದೆ ಹೋದಳು. ಭಾವ ನಿಂತಲ್ಲೇ ನಿಂತು, "ಮುರೀತಾ?" ಎಂದು ಕೇಳಿದ.

ನಾನು ಹೊಲಕ್ಕೆ ಹೋಗಿ ತುಂಡು ಆರಿಸುತ್ತಿದ್ದಾಗ ಕರ್ನಲ್ ಹಿಂದೆಯೇ ಬಂದ. ರೆಕ್ಕೆಯ ಮಣ್ಣು ಒರೆಸಿ ಕೊಟ್ಟು, "ಕಣ್ಣು ತುಂಬ ಹೋಗಿದೆ ಅಲ್ವಾ" ಎಂದ.

"ನಿಮಗೆ ಗೊತ್ತಿತ್ತಾ?"

"ಹೋದ ವರ್ಷದಿಂದ. ನಮಗೆಲ್ಲಾ ಗೊತ್ತು. ಟ್ಯಾಂಕ್ ಖಾಲಿಯಾಗೋ ಹೊತ್ತಿಗೆ ತಲೆ ಮೇಲೇ ಸುತ್ತಿಸ್ತಾರೆ, ಹತ್ತಿರ ಬಂದ್ಮೇಲೆ ಓರೆಗಣ್ಣಲ್ಲಿ ಸ್ವಲ್ಪ ಕಾಣುತ್ತೆ ಅನ್ಸುತ್ತೆ. ಹೇಳಿದ್ರೆ ಬೇಜಾರಾಗಿ ಬರೋದೇ ಬಿಟ್ಬಿಡ್ತಾರೆ. ಅದಕ್ಕೇ ಏನಾದ್ರೂ ನೆಪ ಹೇಳಿ ಬೇಡ ಅಂತಿದ್ವಿ."

ಅವನು ಒಳ್ಳೆಯ ಕೆಲಸ ಮಾಡಿದವನ ಮುಖ ಹೊತ್ತು ನಿಂತಿದ್ದ. ನನಗೆ ಉಗಿಯಬೇಕು ಎನ್ನಿಸಿತು. ನಾಲ್ಕು ಜನ, ನಾಲ್ವರಿಗೂ ಎರಡೆರಡು ಕಣ್ಣು. ಕಣ್ಣಿಲ್ಲದವನೊಬ್ಬ ತಿರುಗುವ ಕತ್ತಿಯನ್ನು ಜನರ ತಲೆಯ ಮೇಲೆ ಒಂದು ವರ್ಷ ಎಸೆಯುತ್ತ ಬಂದಿದ್ದಾನೆ, ಇವರು ದಾಕ್ಷಿಣ್ಯಕ್ಕೆ ಫ್ಲಾಸ್ಕು ಬಿಚ್ಚಿಕೊಂಡು ಕೂತಿದ್ದಾರೆ. "ಆ ಗಾಡಿಯೊಳಗಿನ ಕೂಸಿಗೆ ಬೇಜಾರಾಗ್ತಿರ್ಲಿಲ್ವಾ?" ಎಂದೆ. ಮೀಸೆ ಸ್ವಲ್ಪ ಇಳಿಯಿತು.

ವಾಪಸ್ಸು ಬರುವಾಗ ಭಾವ ಮಡಿಲಲ್ಲಿ ರೆಕ್ಕೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದ್ದ.

"ಯಾವಾಗಿಂದ?"

"ಎಡಗಣ್ಣು ಮೂರು ವರ್ಷ. ಬಲಗಣ್ಣೂ ಎರಡು ವರ್ಷದಿಂದ ಮಸುಕು, ಈ ಬೇಸಿಗೆಯಿಂದ ಜಾಸ್ತಿ. ನಡುವೆ ಒಂದು ಬೂದಿ ಬಣ್ಣದ ಬೊಟ್ಟು. ಸುತ್ತ ಕಾಣುತ್ತೆ. ನೋಡಬೇಕು ಅಂತ ಏನನ್ನ ನೋಡ್ತೀನೋ ಅದೇ ಕಾಣಲ್ಲ."

"ಮತ್ತೆ ಹಲ್ಲು?"

"ಆಕಾರ ಬೆರಳಿಗೆ ಗೊತ್ತಾಗುತ್ತೆ. ಬಣ್ಣ ಗೊತ್ತಾಗಲ್ಲ." ರೆಕ್ಕೆಯ ಅಂಚು ಸವರುತ್ತ, "ಈ ವರ್ಷ ಹನ್ನೊಂದು ಸೆಟ್ಟು ವಾಪಸ್ ಬಂದಿದೆ" ಎಂದ. "ನಿಮ್ಮಕ್ಕಂಗೆ ಹೇಳ್ಬೇಡ."

"ಮನೆಗೆ ಹೋದ ತಕ್ಷಣ ಹೇಳ್ತೀನಿ" ಎಂದೆ. ಹೇಳಿದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ. ನನಗೆ ಆ ದಾಕ್ಷಿಣ್ಯದ ರೋಗ ಇಲ್ಲ. ಅವನ ಡ್ರೈವಿಂಗು, ಅವನ ಓರೆನೋಟ, ರಸ್ತೆಯಲ್ಲಿ ಗುರುತು ಹಿಡಿಯದೆ ಹೋಗುತ್ತಿದ್ದದ್ದು ಎಲ್ಲ ನನ್ನ ತಲೆಯಲ್ಲಿ ಒಂದೊಂದಾಗಿ ಮಗುಚಿ ಬೀಳುತ್ತಿತ್ತು. ಅದರಿಂದ ಕನಿಕರ ಬರಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟು. ಕುರುಡ ಎನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಎನ್ನಿಸಿಕೊಳ್ಳುವುದು ಮೇಲು ಎಂದು ಮೂರು ವರ್ಷ ನಮ್ಮನ್ನೆಲ್ಲ ಮೂರ್ಖರನ್ನಾಗಿ ಮಾಡಿದ್ದ.

ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಅವನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, "ನನ್ನ ನೇರ ನೋಡಿ. ಏನು ಕಾಣುತ್ತೆ?" ಎಂದು ಕೇಳಿದಳು.

ಅವನು ತುಂಬ ಹೊತ್ತು ನೋಡಿದ. "ಓಲೆ" ಎಂದ. "ಎರಡೂ ಓಲೆ."

ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಕಣ್ಣಾಸ್ಪತ್ರೆಯಲ್ಲಿ ಎಡಗಣ್ಣು ಮುಗಿದ ಕಥೆ ಎಂದರು. ಬಲಗಣ್ಣಿಗೆ ತಿಂಗಳಿಗೊಂದು ಚುಚ್ಚುಮದ್ದು, ಈಗ ಇರುವಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಆರು ತಿಂಗಳ ಮುಂಚೆ ಬಂದಿದ್ದರೆ ಎಂದು ಡಾಕ್ಟರು ಶುರು ಮಾಡಿದಾಗ ಭಾವ, "ಈಗ ಬಂದಿದೀನಲ್ಲ, ಈಗಿಂದು ಹೇಳಿ" ಎಂದ. ಕೆಲಸವನ್ನು ಅಕ್ಕ ಅವನ ಹಳೆಯ ಪ್ರತಿಸ್ಪರ್ಧಿಯ ಲ್ಯಾಬಿನ ಜೊತೆ ಸೇರಿಸಿದಳು. ಇವನು ಮೇಣದಲ್ಲಿ ಹಲ್ಲು ಕೂರಿಸಿ ಕಳಿಸುತ್ತಾನೆ, ಬಣ್ಣ ಹೊಂದಿಸುವುದು, ಕೊನೆಯ ಹೊಳಪು ಕೊಡುವುದು ಅಲ್ಲಿ. ಆ ಲ್ಯಾಬಿನವನಿಗೆ ಹೊಳಪು ಕೊಡಲು ಬರುವುದಿಲ್ಲ ಎಂದು ದಿನಾ ಹೇಳುತ್ತಾನೆ.

ವಿಮಾನ ಬಿಡುತ್ತಾನೆ ಎಂದುಕೊಂಡಿದ್ದೆ. ಮೂರು ವಾರ ರೆಕ್ಕೆ ಅಂಟಿಸಿ ಕೂತ. ನಾಲ್ಕನೆಯ ಭಾನುವಾರ ಬಾಟಲಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತ. ನಾನು ಮೂರು ಷರತ್ತು ಹಾಕಿದೆ. ಕಾಲುದಾರಿಯ ಕಡೆ ಸುಳಿಯಬಾರದು, ಹೊಲದ ಮೇಲೆ ಮಾತ್ರ. ಜನ ಕಂಡರೆ ನಾನು ಇಳಿಸು ಅಂದ ಕೂಡಲೆ ಇಳಿಸಬೇಕು. ಇನ್ನೊಂದು ರಿಮೋಟ್ ಪೆಟ್ಟಿಗೆಯನ್ನು ಇವನದಕ್ಕೆ ತಂತಿಯಲ್ಲಿ ಜೋಡಿಸಿ ಕರ್ನಲ್ ಹಿಡಿದಿರಬೇಕು, ಎಡವಟ್ಟಾದರೆ ಅವನು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಮೂರನೆಯದಕ್ಕೆ ಭಾವ ಅನ್ನ ಬಿಟ್ಟವನ ಹಾಗೆ ಮುಖ ಮಾಡಿದ. ಆದರೂ ಒಪ್ಪಿದ.

ಈಗ ಅಕ್ಕನ ಕಾಲು ಸರಿಯಾಗಿದೆ, ಆದರೂ ಭಾನುವಾರ ನನ್ನ ಪಾಲಿಗೇ ಉಳಿದಿದೆ. ಅಕ್ಕನಿಗೆ ಎಡ ಬಲ ಗೊತ್ತಾಗುವುದಿಲ್ಲವಂತೆ. ಹುಲ್ಲು ಕಾಲಡಿ ಗಾಜಿನ ಹಾಗೆ ಚರಚರ ಎನ್ನುತ್ತದೆ, ಮೂಗು ಸೋರುತ್ತದೆ, ಎಣ್ಣೆಯ ನಾತ ಶಾಲಿನಿಂದ ಹೋಗುವುದಿಲ್ಲ. ನಾನು ಅವನ ಬಲಗಿವಿಯ ಹತ್ತಿರ ನಿಂತು ಮೂತಿ, ಬಾಲ, ಆಳೆತ್ತರ, ಮೊಣಕಾಲು ಎಂದು ಹೇಳುತ್ತೇನೆ. ಒಂದು ಸಾರಿಯೂ ಚೆನ್ನಾಗಿ ಹೇಳಿದೆ ಅಂದವನಲ್ಲ. ಹೋದ ವಾರ ವಿಮಾನ ಮೂತಿ ಊರಿ ಬಿದ್ದಾಗ, ಪಕ್ಕದಲ್ಲೇ ಇದ್ದ ಕರ್ನಲ್ಲಿಗೆ ಹೇಳುತ್ತಿದ್ದ: "ನಾನೇನೋ ಸರಿಯಾಗೇ ಎಳೆದೆ. ನಮ್ಮ ನಾದಿನಿಗೆ ಕಣ್ಣು ಸಾಲದು."