ಮಾರ್ಫಾದ ದೀಪಗಳು, ನನ್ನ ಎಡಗಣ್ಣಿನ ಮಿಂಚು

ಮರುಭೂಮಿಯಲ್ಲಿ ತಾವಾಗಿಯೇ ಹೊತ್ತಿಕೊಳ್ಳುವ ದೀಪಗಳನ್ನು ನೋಡಲು ನಾವು ಮಾರ್ಫಾ ಎಂಬ ಊರಿಗೆ ಹೊರಟಾಗ, ನನ್ನ ಎಡಗಣ್ಣಿನ ಮೂಲೆಯಲ್ಲಿ ಬೆಳಕು ಮಿಂಚಲು ಶುರುವಾಗಿ ಹತ್ತು ದಿನವಾಗಿತ್ತು. ಮಗಳಿಗೆ ಹೇಳಿರಲಿಲ್ಲ. ಉಷ್ಣವೆಂದುಕೊಂಡೆ, ಡಾಲಸ್ ಹತ್ತಿರ ಮಗಳ ಮನೆಯಿರುವ ಲಿಟಲ್ ಎಲ್ಮ್‌ನ ಬಿಸಿಲು ಅಂಥದ್ದು. ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡೆ, ಮೆಂತ್ಯ ನೆನೆಸಿದ ನೀರು ಕುಡಿದೆ. ನಾಲ್ಕನೇ ಕ್ಲಾಸು ಓದಿದವಳ ಡಾಕ್ಟರಿಕೆ.

ನಿಜ ಹೇಳಬೇಕೆಂದರೆ ಹೆದರಿಕೆಯೂ ಇತ್ತು. ನನ್ನ ಬಲಗಣ್ಣು ಹುಟ್ಟಿನಿಂದಲೇ ಮಂದ. ಎಡಗಣ್ಣೂ ಹೋದರೆ ಬಚ್ಚಲಿಗೂ ಯಾರಾದರೂ ಕೈಹಿಡಿದು ಕರೆದೊಯ್ಯಬೇಕು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ದಿನವಿಡೀ ಅಳಿಯ ಡ್ರೈವ್ ಮಾಡಿದ. ಹೊತ್ತು ಮುಳುಗಿದ ಮೇಲೆ ರಸ್ತೆ ಪಕ್ಕದ ಕಟ್ಟೆಯ ಮುಂದೆ, ದೀಪ ನೋಡಲು ಬಂದ ಎಲ್ಲರಂತೆ ನಾವೂ ಕುರ್ಚಿ ಹಾಕಿ ಕೂತೆವು. ದೂರದ ಬಯಲಿನ ಅಂಚಿನಲ್ಲಿ ಒಂದು ಬೆಳಕು ಕಂಡಿತು, ಎರಡಾಯಿತು, ಮತ್ತೆ ಕೂಡಿಕೊಂಡಿತು.

"ದೆವ್ವ ಗಿವ್ವ ಏನಿಲ್ಲಮ್ಮ, ಅಲ್ಲಿ ಹೈವೇ ಇದೆ. ಕಾರ್ ಲೈಟು," ಅಂದ ಅಳಿಯ. "ನೆಲದ ಹತ್ರ ಗಾಳಿ ತಣ್ಣಗಾಗತ್ತೆ, ಮೇಲಿಂದು ಇನ್ನೂ ಬಿಸಿ ಇರತ್ತೆ. ಬೆಳಕು ಬಗ್ಗಿ ಬರತ್ತೆ. ಅದಕ್ಕೇ ತೇಲಿದ ಹಾಗೆ ಕಾಣತ್ತೆ."

"ಎಲ್ಲಾನೂ ಕಾರೇನಾ?"

"ಕೆಲವು ಏನು ಅಂತ ಗೊತ್ತಿಲ್ಲ. ನೆಲದಿಂದ ಬರೋ ಗ್ಯಾಸ್ ಅಂತಾರೆ ಕೆಲವ್ರು."

"ನಮ್ಮ ಕಡೆ ಎದೆನೋವಿಗೂ ಗ್ಯಾಸ್ ಅಂತಾರೆ, ಬಿಡು."

ಮೊಮ್ಮಗಳಿಗೆ ಒಂಬತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜಿ, ಐ ಸಾ ತ್ರೀ! ಯೂ?"

"ಐದು. ಎರಡು ಇಲ್ಲೇ ಎಡಗಡೆ, ಹತ್ತಿರದಲ್ಲೇ."

"ನಥಿಂಗ್ ದೇರ್, ಅಜ್ಜಿ!" ಎಂದು ಅವಳು ನಾನು ತೋರಿಸಿದ ಕಡೆಗೆ ಓಡಿದಳು. "ಹಿಯರ್?"

ದನಿ ಮೂರು ಮಾರು ದೂರದಿಂದ ಬಂತು. ಹುಡುಗಿ ಕಾಣಲಿಲ್ಲ. ಅವಳು ಹಾಕಿದ್ದು ಬಿಳಿ ಅಂಗಿ. ಕತ್ತಲಾಯಿತೆಂದು ನಾನು ತಿಳಿದದ್ದು ಕತ್ತಲಾಗಿರಲಿಲ್ಲ. ಎಡಗಡೆಯಿಂದ ಕಣ್ಣಿಗೇ ಪರದೆ ಇಳಿದಿತ್ತು.

"ಎಲ್ಲಿದ್ದೀಯೇ?" ಎಂದೆ. ಮಗಳು ಎದ್ದು ನಿಂತಳು.

"ಅಮ್ಮ, ಕಣ್ಣು ಮುಚ್ಚು. ಈಗಲೂ ಲೈಟ್ ಕಾಣತ್ತಾ?"

ಮುಚ್ಚಿದೆ. ಮಿಂಚಿತು.

"ಹೂಂ."

"ಎಷ್ಟು ದಿನದಿಂದ?"

"ಹತ್ತು."

"ಅದಕ್ಕಾ ಆ ಎಣ್ಣೆ? ಕೇಳಿದ್ರೆ ತಲೆ ಬಿಸಿ ಅಂದ್ಯಲ್ಲಮ್ಮ!" ಅವಳು ಬೈಯುತ್ತಿದ್ದಳೋ ಅಳುತ್ತಿದ್ದಳೋ, ಮುಖ ಸರಿಯಾಗಿ ಕಾಣಲಿಲ್ಲ. ಅಳಿಯ ಆಗಲೇ ಕುರ್ಚಿ ಮಡಚುತ್ತಿದ್ದ.

ಬೆಳಗಾಗುವ ಹೊತ್ತಿಗೆ ಡಾಲಸ್‌ನ ಆಸ್ಪತ್ರೆ ಸೇರಿದೆವು. ಕಣ್ಣಿನ ಒಳಪೊರೆ ಹರಿದು ಕಳಚಿಕೊಂಡಿದೆ, ಆ ಎಳೆತಕ್ಕೇ ಹಾಗೆ ಮಿಂಚುತ್ತದೆ ಎಂದರು ಡಾಕ್ಟರು. ಮಿಂಚಿದ ಮೊದಲ ದಿನವೇ ಬಂದಿದ್ದರೆ ಸಣ್ಣ ಕೆಲಸವಾಗಿರುತ್ತಿತ್ತಂತೆ. ಆಪರೇಷನ್ ಆಯಿತು. ವಾರಗಟ್ಟಲೆ ಮುಖ ಕೆಳಗೆ ಮಾಡಿ ಮಲಗಿ ಅರ್ಧ ಕಣ್ಣು ಉಳಿಸಿಕೊಂಡೆ. ಉಳಿದರ್ಧ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಹೋಯಿತು.

ಬಚ್ಚಲಿಗೆ ಒಬ್ಬಳೇ ಹೋಗುತ್ತೇನೆ. ಆದರೆ ಮೊಮ್ಮಗಳನ್ನು ನನ್ನೊಬ್ಬಳ ಜೊತೆ ಬಿಡುವುದನ್ನು ಮಗಳು ನಿಲ್ಲಿಸಿದ್ದಾಳೆ. ದಿನವೂ ಕೆಲಸಕ್ಕೆ ಹೊರಡುವಾಗ, "ಇವತ್ತೇನಾದ್ರೂ ಕಂಡಿತಾ?" ಎಂದು ಕೇಳುತ್ತಾಳೆ. ಇಲ್ಲ ಎಂದರೆ ನಂಬುವುದಿಲ್ಲ. ಬೆರಳು ಎತ್ತಿ ಹಿಡಿದು, "ಎಷ್ಟು?" ಅನ್ನುತ್ತಾಳೆ. ನಾನು ಮಗುವಿನ ಹಾಗೆ ಎಣಿಸಿ ಹೇಳುತ್ತೇನೆ.