ತೊಗರಿ ತುಳಿದು ತೊಟ್ಟಿಲು ಹತ್ತಿದ್ದು

ಜೀವನದ ಏರು ಇಳಿವು ಎರಡನ್ನೂ ಸಮಚಿತ್ತದಿಂದ ಸ್ವೀಕರಿಸಬೇಕೆಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಲ್ಲಿ ಯಾರೂ ಗಾಲಿಕುರ್ಚಿಯಲ್ಲಿ ಕೂತವರಲ್ಲವೆಂದು ನನಗೆ ಬಲವಾದ ಗುಮಾನಿ. ಕೂತಿದ್ದರೆ, ಏರು ಎಷ್ಟು ಅಡಿ, ಹಿಂದಿನಿಂದ ತಳ್ಳುವವರು ಊಟ ಮಾಡಿ ಬಂದಿದ್ದಾರೋ ಇಲ್ಲವೋ ಎಂದು ಮೊದಲು ವಿಚಾರಿಸಿ, ಆಮೇಲೆ ಸಮಚಿತ್ತದ ಮಾತೆತ್ತುತ್ತಿದ್ದರು.

ನನ್ನ ಕಾಲುಗಳು ನಾಲ್ಕನೆಯ ವಯಸ್ಸಿಗೇ ಪೋಲಿಯೋದ ಪಾಲಾದವು. ಉಳಿದ ನಾನು ಓದಿ, ಪರೀಕ್ಷೆ ಬರೆದು, ಶಹಾಪುರದ ಕಡೆಯ ಒಂದು ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಕಳೆದೆ. ಕಾಲುವೆ ಅಗೆಯುವಾಗ ನಾನಿದ್ದೆ, ನೀರು ಬಿಟ್ಟಾಗ ನಾನಿದ್ದೆ, ಒಡೆದಾಗಲೂ ಇದ್ದೆ, ಎಲ್ಲವೂ ಕಡತದಲ್ಲಿ. ಯಾವ ಉಪಕಾಲುವೆ ಎಲ್ಲಿ ಹುಟ್ಟಿ ಯಾವ ಊರಿನ ಸೀಮೆಯಲ್ಲಿ ಮುಗಿಯುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಕಾಲುವೆಯನ್ನು ಕಣ್ಣಾರೆ ನೋಡಿದವನಲ್ಲ. ತಪಾಸಣೆಗೆ ಹೋಗುವ ಜೀಪಿನಲ್ಲಿ ಸಾಹೇಬರಿಗೆ, ಸಾಹೇಬರ ಬುತ್ತಿಗೆ ಜಾಗವಿತ್ತು. ನನ್ನ ಕುರ್ಚಿಗೆ ಇರಲಿಲ್ಲ. ಸ್ವಂತ ಖರ್ಚಿನಲ್ಲಿ ಕಾಲುವೆಯ ಸೇತುವೆಯ ಮೇಲೆ ಹೋಗಿ ಕುರ್ಚಿ ನಿಲ್ಲಿಸಿದರೆ, ಅದರ ಕಟ್ಟೆ ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕಿತ್ತು. ಆ ಕಟ್ಟೆಯ ಸಿಮೆಂಟನ್ನು ನನ್ನಷ್ಟು ಆಳವಾಗಿ ಅಭ್ಯಾಸ ಮಾಡಿದ ಇನ್ನೊಬ್ಬ ನೌಕರ ಇಲಾಖೆಯಲ್ಲಿ ಇರಲಿಕ್ಕಿಲ್ಲ.

ನಾನು ನಿವೃತ್ತನಾದ ಮಾರನೆಯ ವರ್ಷ ಸುರಪುರದ ರಸ್ತೆಯ ಬದಿಗೆ ಒಂದು ಮನರಂಜನಾ ಪಾರ್ಕು ಎದ್ದಿತು. ನೀರಿನ ಜಾರುಬಂಡಿ, ಸಿಮೆಂಟಿನ ಆನೆ, ಮುಸುಡಿ ಬಣ್ಣಗೆಟ್ಟ ಎರಡು ಜಿರಾಫೆ, ಎಲ್ಲಕ್ಕಿಂತ ಎತ್ತರಕ್ಕೆ ಒಂದು ಜಾಯಿಂಟ್ ವೀಲು. ಅದನ್ನು ದೂರದಿಂದ ಕಂಡ ದಿನವೇ ನಾನು ಒಂದು ತೀರ್ಮಾನಕ್ಕೆ ಬಂದೆ: ಅದರ ತುದಿಗೆ ಹೋದರೆ ಯಾವ ಕಟ್ಟೆಯೂ ಅಡ್ಡ ಬರುವುದಿಲ್ಲ. ಕಾಲುವೆ ಕಾಣಲೇಬೇಕು.

ಅಭ್ಯಾಸಬಲದಿಂದ ಪಾರ್ಕಿನ ಮ್ಯಾನೇಜರಿಗೆ ಅರ್ಜಿ ಬರೆದೆ. ವಿಷಯ: ಗಾಲಿಕುರ್ಚಿ ಸಹಿತ ಪ್ರವೇಶದ ಬಗ್ಗೆ. ಉತ್ತರ ಫೋನಿನಲ್ಲಿ ಬಂತು. "ರ‍್ಯಾಂಪ್ ಅದ ಬರ‍್ರಿ." ರ‍್ಯಾಂಪ್ ಇದೆಯೇ ಎಂದು ಕೇಳಿದ್ದೆನೇ ಹೊರತು ಅದರ ಮೇಲೆ ಏನಿದೆ ಎಂದು ಕೇಳಿರಲಿಲ್ಲ. ಇಷ್ಟು ವರ್ಷ ಅರ್ಜಿ ಬರೆದವನಿಂದ ಆಗಬಾರದ ಲೋಪ ಅದು.

ಸುರಪುರದಲ್ಲಿ ಟೀಚರಾಗಿರುವ ತಂಗಿಯನ್ನು ಕರೆದುಕೊಂಡು ಜನವರಿಯ ಒಂದು ಬೆಳಿಗ್ಗೆ ಹೋದೆ. ಬಾಗಿಲಲ್ಲಿ ಏಳು ಮೆಟ್ಟಿಲು. ಪಕ್ಕದಲ್ಲಿ ನುಣ್ಣನೆಯ ಅಗಲವಾದ ಸಿಮೆಂಟಿನ ಇಳಿಜಾರು, ಪೂರ್ವಕ್ಕೆ ಮುಖಮಾಡಿ ಬಿಸಿಲು ಕಾಯುತ್ತಿತ್ತು. ಅದರ ತುಂಬ ಒಣಗಿದ ತೊಗರಿ ಹಾಸಿತ್ತು.

ನಮ್ಮ ಸೀಮೆಯ ರಿವಾಜು ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೆಲ್ಲ ಕಣ. ತೊಗರಿ, ಹುರುಳಿ, ಸಜ್ಜೆ ಯಾವುದೇ ಇರಲಿ, ರಸ್ತೆಗೆ ಹಾಸಿ ಬದಿಗೆ ಕೂತುಬಿಡುವುದು. ಬಸ್ಸು ಲಾರಿ ಹಾಯ್ದು ಕಾಳು ಬೇರೆ, ಸಿಪ್ಪೆ ಬೇರೆ ಮಾಡುತ್ತವೆ. ಚಾಲಕನಿಗೆ ತಾನು ರಾಶಿ ಮಾಡುತ್ತಿದ್ದೇನೆಂಬ ಅರಿವೂ ಇರುವುದಿಲ್ಲ, ಕೂಲಿಯೂ ಇಲ್ಲ.

ಬದಿಯಲ್ಲಿ ಒಬ್ಬ ಹೆಣ್ಣುಮಗಳು ಕಸಬರಿಗೆ ಹಿಡಿದು ಕೂತಿದ್ದಳು. ಪಾರ್ಕಿನ ಕಾವಲುಗಾರನ ಹೆಂಡತಿ, ಸಗರದ ಕಡೆಯವಳು. ನಾವು ಬಂದ ಸದ್ದಿಗೆ ಎದ್ದಳು. ತೊಗರಿಯನ್ನು ಬದಿಗೆ ಸರಿಸುತ್ತಾಳೆಂದು ನಾನು ಧನ್ಯವಾದದ ಮಾತು ಸಿದ್ಧಮಾಡಿಕೊಂಡೆ. ಅವಳು ನನ್ನನ್ನು ನೋಡಲಿಲ್ಲ, ಗಾಲಿಗಳನ್ನು ನೋಡಿದಳು.

"ಯಣ್ಣಾ, ರಬ್ಬರ್ ಗಟ್ಟಿ ಅದ ಏನ್ರಿ?"

"ಗಟ್ಟಿ ಅದ."

"ಹಂಗಾದ್ರ ಛಲೋ ಟೈಮಿಗಿ ಬಂದ್ರಿ ಬಿಡ್ರಿ. ಮುಂಜಾನಿಂದ ಒಂದು ಗಾಡಿ ಬಂದಿಲ್ಲ ಇದರ ಮ್ಯಾಲೆ. ಮಂದಿಯೆಲ್ಲ ಮೆಟ್ಟಲ ಹತ್ತಿ ಹೊಂಟಾರ."

"ಅವ್ವಾ, ನಾ ಪಾರ್ಕ್ ನೋಡಾಕ ಬಂದೀನಿ."

"ನೋಡಂತ್ರಿ, ಯಾರ್ ಬ್ಯಾಡಂದ್ರು? ಪಾರ್ಕ್ ಎಲ್ಲಿ ಓಡಿ ಹೋಗ್ತದ. ಹೋಗಾಗ ಒಂದ್ಸಲ ನಡಬರಕ ಹಾದು, ಒಂದ್ಸಲ ಬಲಕ, ಒಂದ್ಸಲ ಎಡಕ ಹೋಗ್ರಿ. ಮೂರ ಸಲ ಅಷ್ಟ. ನಾನ ತಳ್ಳತೀನಿ."

ನಾನು ಒಪ್ಪಿಗೆ ಕೊಡುವ ಮೊದಲೇ ಕುರ್ಚಿ ಏರತೊಡಗಿತ್ತು. ಗಾಲಿಯಡಿ ಕಾಯಿಗಳು ಚಟಚಟನೆ ಒಡೆದವು. ಮೇಲಿನವರೆಗೆ ಹೋಗಿ, ತಿರುಗಿ, ಇಳಿದು, ಮತ್ತೆ ಏರಿದೆವು. ಮೆಟ್ಟಿಲ ಮೇಲೆ ಜನ ನಿಂತರು. ಯಾದಗಿರಿಯಿಂದ ಬಂದಂತಿದ್ದ ಒಂದು ಸಂಸಾರ, ಇದೂ ಪಾರ್ಕಿನ ಆಟಗಳಲ್ಲಿ ಒಂದು ಎಂದು ತಿಳಿದು ಟಿಕೀಟು ಎಲ್ಲಿ ಕೊಡುತ್ತಾರೆಂದು ನನ್ನ ತಂಗಿಯನ್ನು ಕೇಳಿತು. ತಂಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ.

"ಅಣ್ಣಾ," ಎಂದಳು, "ಮೂವತ್ತು ವರ್ಷ ಆಫೀಸಿನಾಗ ಕುಂತು ರೈತರಿಗಿ ಮಾಡದ ಉಪಕಾರ ಇವತ್ತ ಮಾಡಿದಿ ನೋಡು."

ಮೂರು ಸಲ ಎಂದವಳು ಐದು ಸಲ ಮಾಡಿಸಿದಳು. ಆಮೇಲೆ ನನ್ನ ಮಡಿಲಲ್ಲಿ ಬಿದ್ದಿದ್ದ ನಾಲ್ಕಾರು ಕಾಳನ್ನೂ ಆಯ್ದುಕೊಂಡು, ಒಳಗೆ ಬಿಟ್ಟಳು.

ಜಾಯಿಂಟ್ ವೀಲಿನ ಬುಡದಲ್ಲಿ ನಿಜವಾದ ಸಮಸ್ಯೆ ನಿಂತಿತ್ತು. ಅದನ್ನು ನಡೆಸುವವನು ನಲವತ್ತೈದರ ಆಸುಪಾಸಿನ ಮನುಷ್ಯ, ಮೊದಲು ಉರುಸುಗಳಲ್ಲಿ ತೊಟ್ಟಿಲು ತಿರುಗಿಸುತ್ತಿದ್ದವನು, ಈಗ ಇಲ್ಲಿ ಕಾಯಂ. ನನ್ನನ್ನು ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡ.

"ಮಾಫ್ ಮಾಡ್ರಿ ಸಾಬ್. ಬೋರ್ಡ್ ನೋಡ್ರಿ."

ಬೋರ್ಡನ್ನು ಎರಡು ಸಲ ಓದಿದೆ. ಎದೆನೋವಿನವರು, ಗರ್ಭಿಣಿಯರು, ಅಂಗವಿಕಲರು ಹತ್ತಬಾರದು. ನಿಯಮವೆಂದರೆ ನನಗೆ ಗೌರವ. ಆದರೆ ಗುಮಾಸ್ತನ ಕಣ್ಣು ತನ್ನ ಕೆಲಸ ಬಿಡುವುದಿಲ್ಲ.

"ಇದಕ್ಕ ತಾರೀಖಿಲ್ಲ. ಸಹಿ ಇಲ್ಲ. ಹೊರಗ ಹೋಗೋ ಕಾಗದಕ್ಕ ಹಾಕೋ ಜಾವಕ ನಂಬರೂ ಇಲ್ಲ. ನಮ್ಮ ಕಚೇರಿಯಾಗ ಇಂಥದ್ದಕ್ಕ ಹುಕುಂ ಅನ್ನಂಗಿಲ್ಲ."

"ಜಾವಕ ನಂಬರ್ ಇಲ್ದಿದ್ರೂ ನನ್ನ ನೌಕರಿ ಹೋಗ್ತದ್ರಿ ಸಾಬ್," ಎಂದ ಅವನು, ಬಹಳ ಮರ್ಯಾದೆಯಿಂದ.

ಒಬ್ಬ ನೌಕರ ಇನ್ನೊಬ್ಬ ನೌಕರನ ಅನ್ನಕ್ಕೆ ಅಡ್ಡ ಬರಬಾರದು. ತಂಗಿ, "ನಡಿ ಅಣ್ಣಾ, ಆನಿ ನೋಡಿ ಬರೋಣು," ಎಂದು ಕುರ್ಚಿ ತಿರುಗಿಸಿದಳು. ನಾನು ಮೇಲೆ ನೋಡಿದೆ. ಖಾಲಿ ತೊಟ್ಟಿಲುಗಳು ಗಾಳಿಗೆ ಸಣ್ಣಗೆ ತೂಗುತ್ತಿದ್ದವು. ತುದಿಯ ತೊಟ್ಟಿಲಿನಿಂದ ಎಲ್ಲ ಕಾಣುತ್ತದೆ. ಅದರಲ್ಲಿ ಯಾರೂ ಇರಲಿಲ್ಲ. ಸಿಮೆಂಟಿನ ಆನೆಯನ್ನು ನೋಡಲು ನಾನು ಬಂದಿರಲಿಲ್ಲ. ಗಾಲಿಗೆ ಬ್ರೇಕು ಹಾಕಿದೆ.

ಅಷ್ಟರಲ್ಲಿ ತೊಗರಿಯವಳು ಕೆಟಲಿ ಹಿಡಿದು ಬಂದಳು. ತೊಟ್ಟಿಲಿನವನಿಗೆ ದಿನಾಲು ಹತ್ತು ಗಂಟೆಗೆ ಚಹಾ ಕೊಡುವವಳು ಅವಳೇ.

"ಯಾಕ ಭಾಯ್, ಇವರನ್ನ ಯಾಕ ನಿಂದ್ರಿಸಿದಿ?"

"ಅವರಿಗಿ ಕಾಲು ಇಲ್ವಲ್ಲ ಬಹೆನ್."

"ಇಲ್ಲಂದ್ರೇನಾತು? ನಿನ್ನ ತೊಟ್ಟಿಲದಾಗ ಕುಂತವರು ಯಾರರ ನಡದಾರೇನು?"

ಅವನು ತೊಟ್ಟಿಲುಗಳ ಕಡೆ ನೋಡಿದ. ಇಷ್ಟು ವರ್ಷದ ಕಸುಬಿನಲ್ಲಿ ಈ ಪ್ರಶ್ನೆ ಅವನಿಗೆ ಹುಟ್ಟಿರಲಿಲ್ಲವೆಂದು ಮುಖ ಹೇಳುತ್ತಿತ್ತು.

"ನನ್ನ ತೊಗರಿ ರಾಶಿ ಮಾಡಿ ಕೊಟ್ಟಾರ ಅವರು," ಎಂದಳು. "ಹತ್ತಿಸಂಗಿಲ್ಲಂದ್ರ ಹೇಳು, ಚಾ ವಾಪಸ್ ಒಯ್ತೀನಿ."

ಅವನು ಚಹಾದ ಕಪ್ಪನ್ನು ಎದೆಯ ಹತ್ತಿರ ಹಿಡಿದುಕೊಂಡ. "ಒಬ್ಬರನ್ನ ಕೂಡಸಂಗಿಲ್ಲ. ಬಾಜೂಕ ಒಬ್ಬರು ಬೇಕು. ಮತ್ತ ಎರಡು ಮೆಟ್ಟಲ ಅದಾವ, ಅದ್ಹ್ಯಾಂಗ?"

ಮೆಟ್ಟಿಲಿಗೆ ಅವಳೇ ಉತ್ತರ ತಂದಳು: ಟ್ರ್ಯಾಕ್ಟರಿಗೆ ಚೀಲ ಏರಿಸುವ ಉದ್ದನೆಯ ಹಲಗೆ. ಪಕ್ಕದಲ್ಲಿ ಕೂಡುವ ಪ್ರಶ್ನೆಗೆ ಎಲ್ಲರೂ ತಂಗಿಯ ಕಡೆ ನೋಡಿದೆವು.

"ನಾ ಒಲ್ಲೆ," ಎಂದಳು ತಂಗಿ. "ನನಗ ಮಾಳಗಿ ಮ್ಯಾಲಿನ ಕ್ಲಾಸ್ ಕೊಟ್ರ ರಜಾ ಬರದು ಕೊಡ್ತೀನಿ."

ರೈತರಿಗೆ ಮಾಡಿದ ಉಪಕಾರದ ಬಗ್ಗೆ ಅವಳು ಆಡಿದ ಮಾತಿಗೆ ಪ್ರತ್ಯುತ್ತರ ಕೊಡುವ ಸಂದರ್ಭ ಇದೇ ಎಂದು ಅನ್ನಿಸಿತು. ಹಿರಿಯಣ್ಣನ ಗಾಂಭೀರ್ಯದಿಂದ ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಂಡೆ.

"ನಾನ ಕೂಡ್ತೀನಿ ತಗೋರಿ," ಎಂದಳು ತೊಗರಿಯವಳು. "ಎರಡು ವರ್ಷಾತು ಇದರ ಕೆಳಗ ಕಸಾ ಹೊಡದು. ಮ್ಯಾಲೇನದ ನೋಡೇ ಬಿಡೋಣು."

ಹಲಗೆಯ ಮೇಲೆ ಕುರ್ಚಿ ಏರಿತು. ಅವನು ತೊಟ್ಟಿಲನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದ. ಎತ್ತಿಕೊಳ್ಳಲೇ ಎಂದು ಕೇಳಿದ, ಬೇಡವೆಂದೆ. ಕಾಲು ಕಸಿದ ದೇವರು ತೋಳಿನ ವಿಷಯದಲ್ಲಿ ಕೈ ಬಿಗಿ ಹಿಡಿದಿಲ್ಲ. ಸರಳು ಹಿಡಿದು, ಒಂದೇ ಸಲಕ್ಕೆ ಕುರ್ಚಿಯಿಂದ ತೊಟ್ಟಿಲಿಗೆ ಸರಿದು ಕೂತೆ. ಅವನು ಕಬ್ಬಿಣದ ಅಡ್ಡಪಟ್ಟಿ ಹಾಕಿ, ಮೂರು ಸಲ ಜಗ್ಗಿ ನೋಡಿ, "ಬಿಸ್ಮಿಲ್ಲಾ," ಎಂದು ಗುಂಡಿ ಒತ್ತಿದ.

ಕೆಳಗೆ ಅಷ್ಟು ಮಾತಾಡಿದ ಹೆಣ್ಣುಮಗಳು ಮೇಲೇರುತ್ತಿದ್ದಂತೆ ನನ್ನ ತೋಳನ್ನು ಚೀಲದ ಬಾಯಿ ಬಿಗಿದ ಹಾಗೆ ಹಿಡಿದಳು. ಎರಡನೆಯ ಸುತ್ತಿಗೆ ಬಿಟ್ಟಳು. ತುದಿಗೆ ಬಂದಾಗ, ಬುದ್ಧ ಮಲಗಿದ ಹಾಗೆ ಕಾಣುವ ಶಹಾಪುರದ ಗುಡ್ಡ ಕಾಣಿಸಿತು. ಈಚೆಗೆ ಬಿಸಿಲಿಗೆ ಹೊಳೆಯುತ್ತ, ಹೊಲಗಳ ನಡುವೆ ಬಾಗಿ ಬಾಗಿ ಹೋದ ನೀರು. ನಕಾಶೆಯಲ್ಲಿ ಅದು ಇಷ್ಟು ಬಾಗಿರಲಿಲ್ಲ. ನೀಲಿ ಶಾಯಿಯ ಬಣ್ಣವೂ ಇರಲಿಲ್ಲ, ಚಹಾದ ಬಣ್ಣವಿತ್ತು.

"ಅದು ಒಂಬತ್ತನೇ ಉಪಕಾಲುವೆ ಇರಬೇಕು," ಎಂದೆ.

"ಅದಕ್ಕ ನಂಬರ್ ಬ್ಯಾರೆ ಅದ ಏನ್ರಿ?" ಎಂದಳು. "ಹಸರು ಎಲ್ಲಿ ಮುಗೀತದ ನೋಡ್ರಿ. ಅದರಾಚಿ ಕರೀ ಹೊಲ ನಮ್ದು."

"ನೀರು ಬರಂಗಿಲ್ಲೇನು?"

"ಮ್ಯಾಲಿನವರು ಭತ್ತ ಹಚ್ಚ್ಯಾರ. ಅವರದು ಮುಗದು ಉಳದ್ರ ನಮಗ. ಅದಕ್ಕ ತೊಗರಿ ಹಾಕೀವಿ."

ಕೊನೆಯ ಭಾಗದ ರೈತರಿಗೂ ನೀರು ತಲುಪಿಸಲು ಸೂಕ್ತ ಕ್ರಮ ಕೈಗೊಳ್ಳಲಾಗುತ್ತಿದೆ ಎಂಬ ವಾಕ್ಯವನ್ನು ನಾನು ಎಷ್ಟು ಸಲ ಟೈಪು ಮಾಡಿದ್ದೆನೋ ಲೆಕ್ಕವಿಲ್ಲ. ಮುಂದಿನ ಸುತ್ತಿನಲ್ಲಿ ಅದನ್ನು ಅವಳಿಗೆ ಹೇಳಿಬಿಟ್ಟೆ. ಅವಳು ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡಳು.

"ಛಲೋ ಬರದೀರಿ ಬಿಡ್ರಿ," ಎಂದಳು.

ಕೆಳಗಿನಿಂದ ಅವನು, "ಸಾಕೇನ್ರಿ ಸಾಬ್?" ಎಂದು ಕೂಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, "ಇನ್ನೊಂದು ಹೊಡಿ ಭಾಯ್," ಎಂದಳು. ಅದರ ನಂತರವೂ ಹಾಗೇ ಎಂದಳು.

ಚಕ್ರ ಒಟ್ಟು ಐದು ಸುತ್ತು ಹಾಕಿತು. ನಾಲ್ಕರಲ್ಲಿ ಕಾಲುವೆ ನೋಡಿದೆ. ಮೊದಲನೆಯದರಲ್ಲಿ ಕಣ್ಣು ಮುಚ್ಚಿದ್ದೆ.