ನಾಯಿಗಳ ಪಾಲಿನ ಕಲೇಜಿ

ಅವ್ವ ತುಳಸಿ ಮಾಲೆ ಹಾಕಿಸಿಕೊಂಡು ಮಾಂಸ ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು. ಅಂಥವಳ ಹೊಟ್ಟೆಯಲ್ಲಿ ಹಂದಿಯಿಂದ ಬಂದ ರೋಗ ಇದೆ ಎಂದು ಗೊತ್ತಾದಾಗ, ಬದುಕುತ್ತಾಳೋ ಇಲ್ಲವೋ ಎಂದು ನಮ್ಮ ಓಣಿಯವರು ಕೇಳಲಿಲ್ಲ. ಯಾವಾಗ ಕದ್ದು ತಿಂದಳು ಎಂದು ಕೇಳಿದರು. ಇದನ್ನು ಬರೆಯುವಾಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ತವರು ಕಾಳಗಿಯ ಹತ್ತಿರ. ಅಣ್ಣ ತೊಗರಿ ಬೆಳೆಯುತ್ತಾನೆ. ಹೊಲಕ್ಕೆ ಅಡವಿ ಹಂದಿ ನುಗ್ಗಿದರೆ ಅಣ್ಣ ಮತ್ತು ಅವನ ಗೆಳೆಯರು ನಾಯಿ ಬಿಟ್ಟು ಹೊಡೆಯುತ್ತಿದ್ದರು. ಕಾನೂನು ಏನು ಹೇಳುತ್ತದೆ ಎಂದು ಯಾರೂ ಕೇಳಲು ಹೋಗುತ್ತಿರಲಿಲ್ಲ. ಹಂದಿಯನ್ನು ನಮ್ಮ ಅಂಗಳಕ್ಕೇ ತಂದು, ಕೂದಲು ಸುಟ್ಟು, ಬೇವಿನ ಗಿಡದ ಕೆಳಗೆ ಹೊಟ್ಟೆ ಸೀಳುತ್ತಿದ್ದರು. ಮೊದಲ ಪಾಲು ನಾಯಿಗಳದು. ಬಿಸಿ ಆರದ ಹಸಿ ಕಲೇಜಿ, ಅಂದರೆ ಯಕೃತ್ತು, ತಿಂದ ನಾಯಿ ಮತ್ತೆ ಹಂದಿಗೆ ಅಂಜುವುದಿಲ್ಲ ಎಂದು ಅಪ್ಪ ನಂಬಿದ್ದ, ಅಣ್ಣನೂ ನಂಬಿದ.

ಕೆಲವು ಸಲ ಆ ಕಲೇಜಿಯಲ್ಲಿ ನಿಂಬೆಕಾಯಿಯಷ್ಟು ದಪ್ಪದ ನೀರುಗುಳ್ಳೆಗಳು ಇರುತ್ತಿದ್ದವು. ಅಣ್ಣ ಅಂಥದನ್ನು ಮನೆಯ ಪಾತ್ರೆಗೆ ಸೇರಿಸುತ್ತಿರಲಿಲ್ಲ.

“ಕೆಟ್ಟದ ಇದು, ನಮಗ ಬ್ಯಾಡ,” ಎಂದು ಪೂರ್ತಿ ನಾಯಿಗಳಿಗೆ ಒಗೆಯುತ್ತಿದ್ದ. ಎಷ್ಟು ಚೊಕ್ಕ ಮನುಷ್ಯ ಎಂದು ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ಮದುವೆಗೆ ಮುಂಚೆ ನಾನೂ ಒಗೆದಿದ್ದೇನೆ. ನಾಯಿಯ ಬಾಯಲ್ಲಿ ಗುಳ್ಳೆ ಒಡೆದು ನೀರು ಚಿಮ್ಮಿದಾಗ ನಕ್ಕಿದ್ದೇನೆ. ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವ್ವ ಆ ಹೊತ್ತಿಗೆ ಸೆರಗು ಮೂಗಿಗೆ ಹಿಡಿದು ಒಳಗೆ ಕೂತಿರುತ್ತಿದ್ದಳು. ಮರುದಿನ ಬೆಳಗ್ಗೆ ಅಂಗಳ ಗುಡಿಸುವವಳು ಅವಳೇ, ನಾಯಿಗಳ ಹೊಲಸು ಬಳಿಯುವವಳೂ ಅವಳೇ. ಹಂದಿ ಮುಟ್ಟದ ಅವ್ವನಿಗೆ ನಾಯಿಗಳ ಮೇಲೆ ಭಾರಿ ಜೀವ. ಅವುಗಳ ಮೈಗೆ ಅಂಟಿದ ಉಣ್ಣಿ ಕೀಳುತ್ತಿದ್ದಳು, ಆಮೇಲೆ ಒಂದಿಷ್ಟು ನೀರಿನಲ್ಲಿ ಕೈ ತೊಳೆದಂತೆ ಮಾಡಿ ರೊಟ್ಟಿ ತಟ್ಟಲು ಕೂಡುತ್ತಿದ್ದಳು.

ಬಲಗಡೆ ಪಕ್ಕೆಯ ಕೆಳಗೆ ನೋವು ಎಂದು ಆಕೆ ಹೇಳಿದಾಗಲೆಲ್ಲ ಪಿತ್ತ ಎಂದು ಚಿತ್ತಾಪುರದಲ್ಲೊಂದು ಗುಳಿಗೆ, ಸೇಡಂನಲ್ಲೊಂದು ಗುಳಿಗೆ. ಮೂರು ವರ್ಷ ಹೀಗೇ ಹೋಯಿತು. ಕೊನೆಗೆ ನಾನು ವಾಡಿಯ ನಮ್ಮ ಕ್ವಾರ್ಟರ್ಸಿಗೆ ಕರೆತಂದೆ. ಸೀರೆ ಉಡಿಸುವಾಗ ಕೈಗೆ ಗಡ್ಡೆ ಹತ್ತಿತು. ಅಣ್ಣನನ್ನೂ ಎಳೆದುಕೊಂಡು ಕಲಬುರಗಿಗೆ ಹೋದೆ.

ಸ್ಕ್ಯಾನ್ ನೋಡಿದ ಡಾಕ್ಟರು ಕೇಳಿದ್ದು ಒಂದೇ ಮಾತು: “ಮನ್ಯಾಗ ನಾಯಿ ಅವೇನ್ರಿ? ಹಸಿ ಮಾಂಸ ಹಾಕ್ತೀರೇನ್ರಿ?”

“ಹಾಕ್ತೀವ್ರಿ,” ಎಂದು ನಾನೇ ಹೇಳಿದೆ. ಹಂದಿಯ ಕಲೇಜಿಯಲ್ಲಿರುವ ಗುಳ್ಳೆಯೊಳಗೆ ಹುಳದ ಮರಿಗಳಿರುತ್ತವೆ, ನಾಯಿ ತಿಂದರೆ ಅದರ ಕರುಳಿನಲ್ಲಿ ಬೆಳೆಯುತ್ತವೆ, ಅವುಗಳ ತತ್ತಿ ನಾಯಿಯ ಹೊಲಸಿನಿಂದ ಮನುಷ್ಯರ ಕೈಗೆ, ಕೈಯಿಂದ ಬಾಯಿಗೆ ಬರುತ್ತವೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹಂದಿ ತಿಂದು ಬರುವ ರೋಗ ಇದಲ್ಲ. ಗುಳ್ಳೆ ಹೊಟ್ಟೆಯಲ್ಲೇ ಒಡೆದರೆ ಜೀವಕ್ಕೆ ಅಪಾಯ ಎಂದು ಆಪರೇಷನ್ ಮಾಡಿದರು. ಅವ್ವ ಉಳಿದಳು.

ಊರಿಗೆ ಮರಳಿದ ಮೇಲಿನ ಮೊದಲ ಏಕಾದಶಿಗೆ ಭಜನೆಗೆ ಹೋದಳು. ಇಪ್ಪತ್ತು ವರ್ಷ ಆಕೆ ಬಾರಿಸಿದ ತಾಳವನ್ನು ಪಕ್ಕದ ಮನೆಯವಳು ತನ್ನ ಮಡಿಲಿಗೆ ಎಳೆದುಕೊಂಡಳಂತೆ. “ಮಾಲಿ ಹಾಕ್ಕೊಂಡು ಹಂದಿ ತಿಂದ್ರ ದೇವರು ಬಿಡ್ತಾನೇನು?” ಎಂದಳಂತೆ. ಅವ್ವ ಎದ್ದು ಬಂದಳು. ಆಮೇಲೆ ಭಜನೆಗೆ ಹೋಗಲಿಲ್ಲ.

ಸುದ್ದಿ ತಿಳಿದು ನಾನು ಊರಿಗೆ ಹೋಗಿ ಅಣ್ಣನ ಮುಂದೆ ನಿಂತೆ. “ಡಾಕ್ಟರು ಹೇಳಿದ್ದು ನೀನೂ ಕೇಳಿದಿ. ಹೋಗಿ ಎಲ್ಲಾರ ಮುಂದ ಹೇಳು.”

“ಏನಂತ ಹೇಳ್ಲಿ ತಂಗಿ? ನಾನೇ ಅವ್ವಗ ರೋಗ ಹಚ್ಚೀನಿ ಅಂತ ಹೇಳ್ಲೇನು?”

“ಹೌದು. ಹಂಗೇ ಹೇಳು.”

ಹೇಳಲಿಲ್ಲ. ತನ್ನ ಮರ್ಯಾದೆ ಉಳಿಸಿಕೊಳ್ಳಲು ಹೆತ್ತವಳ ಮರ್ಯಾದೆ ಬೀದಿಗೆ ಬಿಟ್ಟ. ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮುಂದಿನ ವರ್ಷ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನಾನು ತವರಿನಲ್ಲಿದ್ದೆ. ಮತ್ತೆ ಹಂದಿ ಬಂತು, ಮತ್ತೆ ಅದೇ ಬೇವಿನ ಗಿಡ, ಅದೇ ಗೆಳೆಯರು. ಪಕ್ಕದ ಮನೆಯವಳು ಕೂಡ ಪಾಲಿಗೆಂದು ಬುಟ್ಟಿ ಹಿಡಿದು ನಿಂತಿದ್ದಳು. ಕಲೇಜಿ ತುಂಬ ಗುಳ್ಳೆ. ಸ್ಕ್ಯಾನ್ ನೋಡಿದ್ದ, ಆಪರೇಷನ್ ಕೋಣೆಯ ಹೊರಗೆ ಅತ್ತಿದ್ದ ಅದೇ ಅಣ್ಣನ ಕೈ ನಾಯಿಗಳ ಕಡೆಗೇ ಎದ್ದಿತು. ರೂಢಿ ಅನ್ನುವುದು ಎಷ್ಟು ಕುರುಡು!

ನಾನು ಕೂಗುವ ಮೊದಲೇ ಅವ್ವ ಹೊರಗೆ ಬಂದಳು. ಅವನ ಕೈಯಿಂದ ಆ ಕಲೇಜಿಯನ್ನು ಕಸಿದು, ನೀರು ಕಾಯುತ್ತಿದ್ದ ಒಲೆಯ ಬೆಂಕಿಗೆ ಹಾಕಿದಳು. ಮಣಿಕಟ್ಟಿನವರೆಗೂ ರಕ್ತ. ಆ ಕೈಯನ್ನೇ ಬುಟ್ಟಿ ಹಿಡಿದವಳ ಮುಂದೆ ಚಾಚಿದಳು.

“ನೋಡವ್ವ, ಮಾಲಿ ಹಾಕ್ಕೊಂಡ ಮ್ಯಾಲ ಇವತ್ತೇ ಮೊದಲ ಸಲ ಮುಟ್ಟೀನಿ. ಹೋಗಿ ಹೇಳು.”

ಆಕೆ ಬುಟ್ಟಿ ಸೆರಗಿನಲ್ಲಿ ಮುಚ್ಚಿಕೊಂಡಳು. ಅಣ್ಣ ಚೊಂಬು ತಂದು ಅವ್ವನ ಕೈಗೆ ನೀರು ಹಾಕತೊಡಗಿದ. ನಾನು ಸಾಬೂನು ಕೊಟ್ಟೆ, ಅವನ ಮುಖ ನೋಡಲಿಲ್ಲ.